ಹೊರದೇಶಕ್ಕೆ ಹೊರಟ ಹಾಡುಗಳು

ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವವನಿಗೆ ಸಂಗೀತದ ಬಗ್ಗೆ ಬರೆಯುವ ಅಧಿಕಾರವನ್ನು ಯಾರು ಕೊಟ್ಟರು ಎಂದು ವಾಚಕರು ಕೇಳಬಹುದು. ಯಾರೂ ಕೊಟ್ಟಿಲ್ಲ. ನಾನು ಓದಿದ್ದು ಬಿ.ಎಸ್‌ಸಿ.; ನನ್ನ ಸ್ವರಜ್ಞಾನ ಬಚ್ಚಲುಮನೆಯ ಬಾಗಿಲು ದಾಟಿದ್ದಲ್ಲ. ಆದರೆ ಒಂದು ಬರಹ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಾಗ ಏನೇನು ಕಳೆದುಕೊಳ್ಳುತ್ತದೆ, ಏನೇನು ಅಂಟಿಸಿಕೊಳ್ಳುತ್ತದೆ ಎಂಬುದನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ನಮ್ಮ ಸುತ್ತೋಲೆಗಳು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಹೊರಡುತ್ತವೆ. ಎರಡರ ನಡುವೆ ಅರ್ಥಭೇದ ಕಂಡುಬಂದರೆ ಯಾವ ಪಾಠವನ್ನು ಅಧಿಕೃತವೆಂದು ತಿಳಿಯಬೇಕು ಎಂಬ ಪ್ರಶ್ನೆ ಕಚೇರಿಯಲ್ಲಿ ಆಗಾಗ ಏಳುತ್ತದೆ. ಅದೇ ಪ್ರಶ್ನೆಯನ್ನು ಹಾಡುಗಳ ವಿಷಯದಲ್ಲಿ ಕೇಳಬೇಕಾದ ಪ್ರಸಂಗ ಈಚೆಗೆ ನಮ್ಮ ಸಂಘದಲ್ಲಿಯೇ ಬಂದಿತು.

ಪ್ರಸಂಗ ಇಷ್ಟೆ. ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಹೆಣ್ಣುಮಕ್ಕಳು ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದವನ್ನು ಹಾಡುವುದೆಂದು ಗೊತ್ತಾಯಿತು. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಹಿರಿಯರೊಬ್ಬರು, “ಸಭಾದಾಗ ಅರ್ಧ ಮಂದಿ ಮರಾಠಿಯವರು, ಹಿಂದಿಯವರು ಕೂತಿರ್ತಾರ್ರೀ. ನಡುವ ಎರಡು ನುಡಿ ತೆಗದು ಹಿಂದಿ ನುಡಿ ಹಾಕೋಣ, ಕೆಳಗ ಒಂದೀಟು ಡ್ರಮ್ ಇರಲಿ, ಎಲ್ಲಾರಿಗೂ ತಿಳೀತದ,” ಎಂದರು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಸಭೆ ಮುಗಿದು ಚಹ ಕುಡಿಯುವಾಗ ಅದು ದೊಡ್ಡ ವಿಷಯವೆಂದು ನನಗೆ ಅನಿಸಿರಲಿಲ್ಲ. ಎರಡು ವಾರದ ಮೇಲೆ ಹಾಗೆ ಅನಿಸಿತು. ಅದರ ಕಾರಣವನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು, ಬೇರೆ ಮಾರುಕಟ್ಟೆಗಾಗಿ ಹಾಡುಗಳನ್ನು ತಿದ್ದಿ ಕಳಿಸಿದವರ ಅನುಭವವೇನು ಎಂಬುದನ್ನು ನೋಡೋಣ. ಈ ವ್ಯವಹಾರ ನಮ್ಮಿಂದ ಸುರುವಾದದ್ದಲ್ಲ.

ಎಲ್ಲರಿಗೂ ಗೊತ್ತಿರುವ ಬೀಟಲ್ಸ್ ತಂಡವನ್ನೇ ತೆಗೆದುಕೊಳ್ಳಿ. 1963ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ಅವರ ಎರಡನೆಯ ಧ್ವನಿಮುದ್ರಿಕೆ ಹೊರಟಾಗ ಅದರಲ್ಲಿ 14 ಹಾಡುಗಳಿದ್ದವು. 1964ರ ಜನವರಿಯಲ್ಲಿ ಅಮೆರಿಕೆಯ ಕ್ಯಾಪಿಟಲ್ ಕಂಪನಿ ಅದನ್ನು ತನ್ನ ದೇಶದಲ್ಲಿ ಮಾರಲು ಹೊರಟಾಗ ಹೆಸರು ಬದಲಾಯಿಸಿ, ಆ ಹದಿನಾಲ್ಕರಲ್ಲಿ ಒಂಬತ್ತನ್ನು ಮಾತ್ರ ಇಟ್ಟುಕೊಂಡು, ಬೇರೆ ಮೂರನ್ನು ಸೇರಿಸಿ, 12 ಹಾಡುಗಳ ತಟ್ಟೆ ಮಾಡಿತು. ಇದಕ್ಕೆ ಕಲೆಯ ಕಾರಣವೇನೂ ಇರಲಿಲ್ಲ. ಅಲ್ಲಿ ಹಾಡಿಗೆ ಇಷ್ಟೆಂದು ಗೌರವಧನ ಕೊಡಬೇಕಾಗಿತ್ತು. ಹಾಡು ಕಡಿಮೆಯಾದರೆ ಖರ್ಚು ಕಡಿಮೆ. ಮೇಲಾಗಿ ಉಳಿಸಿದ ಹಾಡುಗಳನ್ನು ಕೂಡಿಸಿ ಇನ್ನೊಂದು ತಟ್ಟೆ ಮಾಡಿ ಮಾರಬಹುದು. ಹೀಗೆ 1966ರವರೆಗೆ ಬ್ರಿಟನ್ನಿನಲ್ಲಿ ಏಳು ಮೂಲ ಧ್ವನಿಮುದ್ರಿಕೆಗಳಾಗಿದ್ದರೆ ಅಮೆರಿಕೆಯಲ್ಲಿ ಅವು ಹತ್ತಕ್ಕೂ ಮೀರಿದವು. ನಮ್ಮೂರ ಹಾಲಿನವನ ಲೆಕ್ಕ ಅಮೆರಿಕೆಯವರಿಗೂ ಗೊತ್ತಿತ್ತು ಎಂದಾಯಿತು. ಅಷ್ಟಕ್ಕೇ ಬಿಡಲಿಲ್ಲ. ಕ್ಯಾಪಿಟಲ್ಲಿನ ಅಧಿಕಾರಿ ಡೇವ್ ಡೆಕ್ಸ್‌ಟರ್ ಅವರು ಕೆಲವು ಹಾಡುಗಳಿಗೆ, ಅಮೆರಿಕೆಯ ಕಿವಿಗೆ ಹಿಡಿಸಲೆಂದು, ಮಾರ್ದನಿಯನ್ನು ಬೆರೆಸಿದರು. ಲಂಡನ್ನಿನ ಕೋಣೆಯಲ್ಲಿ ಹಾಡಿದ್ದು ನ್ಯೂಯಾರ್ಕಿನಲ್ಲಿ ಬಾವಿಯೊಳಗಿನಿಂದ ಬಂದಂತೆ ಕೇಳಿಸಿತು. 1967ರ ‘ಸಾರ್ಜೆಂಟ್ ಪೆಪ್ಪರ್’ ಬರುವವರೆಗೆ ಎರಡೂ ದೇಶಗಳಲ್ಲಿ ಅವರ ಧ್ವನಿಮುದ್ರಿಕೆಯೊಂದು ಒಂದೇ ರೂಪದಲ್ಲಿ ಹೊರಡಲಿಲ್ಲ.

ಇದು ಅನ್ಯಾಯವೆಂದು ಥಟ್ಟನೆ ತೀರ್ಪು ಕೊಡಬಹುದು. ಆದರೆ ಕಥೆ ಮುಂದೆ ಇದೆ. 1987ರಲ್ಲಿ ಬೀಟಲ್ಸರ ಹಾಡುಗಳು ಕಾಂಪ್ಯಾಕ್ಟ್ ಡಿಸ್ಕಿಗೆ ಬಂದಾಗ ಇನ್ನು ಮುಂದೆ ಜಗತ್ತಿಗೆಲ್ಲ ಬ್ರಿಟಿಷ್ ಪಾಠವೇ ಪ್ರಮಾಣ ಎಂದು ಗೊತ್ತುಮಾಡಿದರು. ಆ ನಿಯಮಕ್ಕೂ ಒಂದು ದೊಡ್ಡ ಅಪವಾದ ಉಂಟು. ‘ಮ್ಯಾಜಿಕಲ್ ಮಿಸ್ಟರಿ ಟೂರ್’ ಬ್ರಿಟನ್ನಿನಲ್ಲಿ ಆರು ಹಾಡುಗಳ ಎರಡು ಸಣ್ಣ ತಟ್ಟೆಗಳಾಗಿ ಬಂದಿತ್ತು. ಅಮೆರಿಕೆಯವರು ಅದಕ್ಕೆ ಇನ್ನೂ ಐದು ಹಾಡು ಸೇರಿಸಿ ದೊಡ್ಡ ತಟ್ಟೆ ಮಾಡಿದ್ದರು. ಕೊನೆಗೆ ಉಳಿದದ್ದು ಈ ಅಮೆರಿಕೆಯ ರೂಪವೇ. ಅಲ್ಲದೆ, 2004ರಲ್ಲಿಯೂ 2014ರಲ್ಲಿಯೂ ಆ ಹಳೆಯ ಅಮೆರಿಕನ್ ಧ್ವನಿಮುದ್ರಿಕೆಗಳನ್ನು ಮತ್ತೆ ಪೆಟ್ಟಿಗೆ ಕಟ್ಟಿ ಮಾರಬೇಕಾಯಿತು. ಯಾಕೆಂದರೆ ಒಂದು ಇಡೀ ಪೀಳಿಗೆ ಬಾಲ್ಯದಲ್ಲಿ ಕೇಳಿದ್ದು ಅವನ್ನೇ. ಅವರಿಗೆ ತಿದ್ದಿದ ಪಾಠವೇ ಮೂಲ. ನಿಜವಾದ ಮೂಲ ಏನೋ ಪರಕೀಯ. ಮೊದಲು ಕಿವಿಗೆ ಬಿದ್ದದ್ದೇ ಮೂಲವಾಗಿ ಕೂಡುತ್ತದೆ: ಈ ಮಾತನ್ನು ವಾಚಕರು ದಯಮಾಡಿ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಎರಡನೆಯ ಬಗೆ, ಹಾಡಿನ ಮಾತನ್ನೇ ಬದಲಿಸುವುದು. 1964ರ ಜನವರಿಯಲ್ಲಿ ಇದೇ ಬೀಟಲ್ಸ್ ಪ್ಯಾರಿಸಿನಲ್ಲಿ ಕೂತು ತಮ್ಮ ಎರಡು ಹಾಡುಗಳನ್ನು ಜರ್ಮನ್ ಭಾಷೆಯಲ್ಲಿ ಹಾಡಿದರು; ಆಮೇಲೆ ಜರ್ಮನರು ಇಂಗ್ಲಿಷ್ ಹಾಡುಗಳನ್ನೇ ಕೊಂಡರು, ಆ ಶ್ರಮ ಮತ್ತೆ ಮಾಡಬೇಕಾಗಲಿಲ್ಲ. ಸ್ವೀಡನ್ನಿನ ಆಬಾ ತಂಡ 1980ರಲ್ಲಿ ತನ್ನ ಹೆಸರಾಂತ ಹತ್ತು ಹಾಡುಗಳನ್ನು ಸ್ಪ್ಯಾನಿಷಿನಲ್ಲಿ ಹಾಡಿ ಒಂದು ಇಡೀ ಧ್ವನಿಮುದ್ರಿಕೆ ಹೊರಡಿಸಿತು. ಸ್ಪೇನ್ ಮತ್ತು ದಕ್ಷಿಣ ಅಮೆರಿಕೆಯ ಮಾರುಕಟ್ಟೆ ಅವರ ಕಣ್ಣಮುಂದಿತ್ತು. ವಿಚಾರ ಮಾಡಿ ನೋಡಿ: ಅವರ ಮನೆಮಾತು ಸ್ವೀಡಿಷ್, ಹಾಡು ಕಟ್ಟಿದ್ದು ಇಂಗ್ಲಿಷಿನಲ್ಲಿ, ಈಗ ಉಚ್ಚಾರ ಬಾಯಿಪಾಠ ಮಾಡಿ ಹಾಡುವುದು ಸ್ಪ್ಯಾನಿಷಿನಲ್ಲಿ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳಬೇಕೆಂದರೆ ನಕಲಿನ ನಕಲು. ಆದರೂ ಆ ಹಾಡುಗಳು ಕೆಡಲಿಲ್ಲ. ಬಾಯಿಪಾಠ ಮಾಡಿ ಹಾಡುವುದು ಕೀಳೆಂದು ಕನ್ನಡಿಗರು ಹೇಳುವಂತಿಲ್ಲ. ಪಿ.ಬಿ. ಶ್ರೀನಿವಾಸ್, ಎಸ್.ಪಿ. ಬಾಲಸುಬ್ರಹ್ಮಣ್ಯಂ ಇವರ ಮನೆಮಾತು ತೆಲುಗು. ಅವರ ಬಾಯಲ್ಲಿ ಕನ್ನಡ ಎಷ್ಟು ಸ್ವಚ್ಛವಾಗಿ ಬಂದಿತೆಂಬುದಕ್ಕೆ ನಾವೆಲ್ಲ ಸಾಕ್ಷಿ.

ಈಗ ನಮ್ಮ ಕಡೆಗೆ ಬರೋಣ. ಬಿದ್ದು ಎಂಬ ಹೆಸರನ್ನು ಕೇಳಿದವರಲ್ಲಿ ಅನೇಕರಿಗೆ ಅವರು ಕೊಡವರೆಂಬುದು ತಿಳಿದಿರಲಾರದು. ಪೂರ್ಣ ಹೆಸರು ಬಿದ್ದು ಅಪ್ಪಯ್ಯ. ಹುಟ್ಟಿದ್ದು 1945ರಲ್ಲಿ ಬೆಂಗಳೂರಿನಲ್ಲಿ. ಹುಡುಗನಾಗಿದ್ದಾಗ ರೇಡಿಯೋ ಸಿಲೋನಿನಲ್ಲಿ ಬರುತ್ತಿದ್ದ ಇಂಗ್ಲಿಷ್ ಹಾಡುಗಳನ್ನು ಕೇಳಿ ಹುಚ್ಚು ಹಿಡಿಸಿಕೊಂಡು, ಬೆಂಗಳೂರಿನಲ್ಲಿಯೇ ಟ್ರೋಜನ್ಸ್ ಎಂಬ ತಂಡ ಕಟ್ಟಿ ಹಾಡುತ್ತಿದ್ದು, 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಅವರಿಂದ ಹಾಡಿಸಿದ ‘ಕುಂಗ್ ಫೂ ಫೈಟಿಂಗ್’ ಬ್ರಿಟನ್ನಿನಲ್ಲಿಯೂ ಅಮೆರಿಕೆಯಲ್ಲಿಯೂ ಮೊದಲ ಸ್ಥಾನಕ್ಕೆ ಏರಿತು. ತಟ್ಟೆಯ ಹಿಂದಿನ ಮಗ್ಗುಲಿಗೆಂದು ಅವಸರದಲ್ಲಿ ಮುಗಿಸಿದ ಹಾಡು ಅದು. 1976ರಲ್ಲಿ ಟೀನಾ ಚಾರ್ಲ್ಸ್ ಎಂಬ ಗಾಯಕಿಗಾಗಿ ಅವರು ತಯಾರಿಸಿದ ಹಾಡೂ ಬ್ರಿಟನ್ನಿನಲ್ಲಿ ಮೊದಲನೆಯದಾಯಿತು.

1980ರಲ್ಲಿ ಫಿರೋಜ್ ಖಾನರ ‘ಕುರ್ಬಾನಿ’ ಬಂದಿತು. ಫಿರೋಜ್ ಖಾನರೂ ಹುಟ್ಟಿದ್ದು ಬೆಂಗಳೂರಿನಲ್ಲಿಯೇ. ಆ ಚಿತ್ರದ ಉಳಿದ ಹಾಡುಗಳೆಲ್ಲ ಕಲ್ಯಾಣಜಿ ಆನಂದಜಿಯವರವು. ಒಂದು ಹಾಡು ಮಾತ್ರ ಲಂಡನ್ನಿನಲ್ಲಿ ಬಿದ್ದು ಅವರು ಮಾಡಿದ್ದು. ಹಾಡಿದವಳು ಕರಾಚಿಯಲ್ಲಿ ಹುಟ್ಟಿದ, ಆಗಿನ್ನೂ ಶಾಲೆ ಓದುತ್ತಿದ್ದ ನಾಜಿಯಾ ಹಸನ್. ಆ ಹಾಡು ಅವಳಿಗೆ ಫಿಲಂಫೇರ್ ಪ್ರಶಸ್ತಿ ತಂದಿತು. ಮರುವರ್ಷ, 1981ರಲ್ಲಿ, ನಾಜಿಯಾ ಮತ್ತು ಅವಳ ತಮ್ಮ ಜೋಹೇಬ್ ಕೂಡಿ ಹಾಡಿದ ‘ಡಿಸ್ಕೋ ದೀವಾನೆ’ ಬಂದಿತು. ಸಿನಿಮಾದ ಆಸರೆಯಿಲ್ಲದೆ ಇಷ್ಟು ಮಾರಾಟವಾದ ಪಾಪ್ ಧ್ವನಿಮುದ್ರಿಕೆ ಅದಕ್ಕೆ ಮೊದಲು ನಮ್ಮಲ್ಲಿ ಇರಲಿಲ್ಲ. ಎಂಬತ್ತರ ದಶಕದ ಕೊನೆಗೂ ಧಾರವಾಡದಲ್ಲಿ ನಮ್ಮ ಕಾಕಾನ ಟೇಪ್‌ರೆಕಾರ್ಡರಿನಲ್ಲಿ ಅದರ ಕ್ಯಾಸೆಟ್ಟು ತಿರುಗುತ್ತಿತ್ತು. ನಡುವೆ ಟೇಪು ಸಿಕ್ಕಿಕೊಂಡಾಗ ಪೆನ್ಸಿಲು ತೂರಿಸಿ ಸುತ್ತುವ ಕೆಲಸ ನನ್ನದಾಗಿತ್ತು.

ಅದರ ಹೆಸರುಹಾಡನ್ನು ಬ್ರಿಟನ್ನಿನ ಮಾರುಕಟ್ಟೆಗೆಂದು ಇಂಗ್ಲಿಷಿನಲ್ಲಿ ಮತ್ತೆ ಮಾಡಿದರು. ಹೊಸ ಹೆಸರು ‘ಡ್ರೀಮರ್ ದೀವಾನೆ’. ಇಲ್ಲಿ ಒಂದು ಚೋದ್ಯವನ್ನು ಗಮನಿಸಬೇಕು. ಇಂಗ್ಲಿಷಿಗೆ ತರುವಾಗ ಅವರು ತೆಗೆದುಹಾಕಿದ್ದು ‘ದೀವಾನೆ’ ಎಂಬ ಉರ್ದು ಶಬ್ದವನ್ನಲ್ಲ, ‘ಡಿಸ್ಕೋ’ ಎಂಬ ಪಾಶ್ಚಾತ್ಯ ಶಬ್ದವನ್ನು! ನನ್ನ ಊಹೆ ಹೀಗಿದೆ. ನಮ್ಮಲ್ಲಿ ಡಿಸ್ಕೋ ಎಂದರೆ ಹೊಸ ಹುಮ್ಮಸ್ಸು. ಪಶ್ಚಿಮದಲ್ಲಿ ಆ ಹೊತ್ತಿಗೆ ಅದು ಹಳಸಿತ್ತು. 1979ರ ಜುಲೈಯಲ್ಲಿ ಶಿಕಾಗೋ ನಗರದ ಆಟದ ಮೈದಾನದಲ್ಲಿ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿ ದೊಂಬಿಯೇ ಆಗಿತ್ತು. ಹೀಗಾಗಿ ಅಲ್ಲಿಯ ಗಿರಾಕಿಗೆ ಅಲ್ಲಿಯದೇ ಹಳೆಯ ಶಬ್ದ ಬೇಡವಾಗಿತ್ತು, ಇಲ್ಲಿಯ ‘ದೀವಾನೆ’ಯಲ್ಲಿ ಒಂದಿಷ್ಟು ದೂರದೇಶದ ಅತ್ತರಿನ ವಾಸನೆ ಇತ್ತು. ಮಾರುಕಟ್ಟೆಯ ತಕ್ಕಡಿಯಲ್ಲಿ ಶಬ್ದಗಳ ತೂಕ ಊರಿಂದೂರಿಗೆ ಬದಲಾಗುತ್ತದೆ.

ಇನ್ನು ಗುಣದ ಮಾತು. ‘ಡಿಸ್ಕೋ ದೀವಾನೆ’ಯನ್ನು ಈಚೆಗೆ ಮತ್ತೆ ಕೇಳಿದೆ. ತಾಳ ಗಟ್ಟಿ, ರಾಗ ಸರಳ. ಹುಡುಗಿಯ ದನಿ ತೆಳು, ತುಸು ಮೂಗಿನದು. ಆ ದನಿಯನ್ನು ಒಂದರ ಮೇಲೊಂದು ಪದರವಾಗಿ ಕೂರಿಸಿ ಬಿದ್ದು ಅವರು ಅದಕ್ಕೆ ಒಂದು ಬಗೆಯ ನಿರ್ಲಿಪ್ತ ಮಾಧುರ್ಯ ತಂದಿದ್ದಾರೆ. ಲತಾ, ಆಶಾ ಇವರ ದನಿಗೆ ಒಗ್ಗಿದ್ದ ಕಿವಿಗೆ ಅದು ಹೊಸದಾಗಿತ್ತು. ಕಸುಬುದಾರಿಕೆಯಲ್ಲಿ ಕೊರತೆಯಿಲ್ಲ. ಆದರೆ ಆ ಹಾಡಿನಲ್ಲಿ ಕರಾಚಿಯೂ ಇಲ್ಲ, ಕೊಡಗೂ ಇಲ್ಲ, ಬೆಂಗಳೂರೂ ಇಲ್ಲ. ಲಂಡನ್ನೂ ಇಲ್ಲವೆಂದೇ ಹೇಳಬೇಕು. ಅದು ಮೊದಲಿನಿಂದಲೂ ಪ್ರಯಾಣಕ್ಕೆಂದೇ ಹುಟ್ಟಿದ ಹಾಡು. ಸಾಮಾನು ಕಡಿಮೆ ಇದ್ದವನಿಗೆ ರೈಲು ಬದಲಿಸುವುದು ಕಷ್ಟವಲ್ಲ. ಆದ್ದರಿಂದ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಹೆಚ್ಚೇನೂ ಕಳೆದುಹೋಗಲಿಲ್ಲ. 2012ರಲ್ಲಿ ಒಂದು ಹಿಂದಿ ಚಿತ್ರಕ್ಕಾಗಿ ಮತ್ತೆ ಹೊಸ ಅಂಗಿ ತೊಡಿಸಿದಾಗಲೂ ಕಳೆದುಹೋಗಲಿಲ್ಲ. ಆಗ ನಾಜಿಯಾ ಇರಲಿಲ್ಲ. 2000ದ ಆಗಸ್ಟಿನಲ್ಲಿ, 35ನೆಯ ವಯಸ್ಸಿನಲ್ಲಿಯೇ ಲಂಡನ್ನಿನಲ್ಲಿ ತೀರಿಕೊಂಡಿದ್ದರು. ಹೊಸ ಅಂಗಿಯೊಳಗೂ ಮನಸ್ಸಿಗೆ ತಾಕುವುದು ಆ ತೆಳು ದನಿಯೊಂದೇ.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ. ರಘು ದೀಕ್ಷಿತರು ಹುಟ್ಟಿದ್ದು ನಮ್ಮ ಮಹಾರಾಷ್ಟ್ರದ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಶಾಸ್ತ್ರ, ಕಲಿತದ್ದು ಭರತನಾಟ್ಯ, ಹಿಡಿದದ್ದು ಗಿಟಾರು. ವಿಜ್ಞಾನ ಓದಿ ದಾರಿ ತಪ್ಪಿದವರ ಬಗ್ಗೆ ನನಗೆ ಮೊದಲಿನಿಂದಲೂ ಒಂದಿಷ್ಟು ಪಕ್ಷಪಾತವಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅವರ ತಂಡದ ಮೊದಲ ಧ್ವನಿಮುದ್ರಿಕೆ 2008ರಲ್ಲಿ ಬಂದಿತು. ಹೊರಡಿಸಿದವರು ಹಿಂದಿ ಚಿತ್ರಗಳ ಸಂಗೀತಗಾರರಾದ ವಿಶಾಲ್ ಮತ್ತು ಶೇಖರ್. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ತತ್ವಪದಗಳು ಅದರಲ್ಲಿದ್ದವು: ಒಂದು ಗುಡುಗುಡಿಯ ಪದ, ಇನ್ನೊಂದು ನಮ್ಮ ಸಮಿತಿಯ ಮುಂದೆ ಬಂದ ಅದೇ ಮಾಳಿಗೆಯ ಪದ. 2010ರಲ್ಲಿ ಈ ತಂಡ ಬಿ.ಬಿ.ಸಿ. ದೂರದರ್ಶನದಲ್ಲಿ ಜೂಲ್ಸ್ ಹಾಲಂಡರ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸಬರಿಗೆ ಕೊಡುವ ಬಹುಮಾನ ಅವರಿಗೆ ಸಂದಿತು.

ಇಲ್ಲಿ ಬದಲಾದದ್ದೇನು, ಬದಲಾಗದೆ ಉಳಿದದ್ದೇನು? ವಾದ್ಯಗಳು ಬದಲಾದವು: ಏಕತಾರಿ, ದಮ್ಮಡಿಗಳ ಜಾಗದಲ್ಲಿ ಗಿಟಾರು, ಡ್ರಮ್ಮು. ನಮ್ಮ ಪೀಳಿಗೆಗೆ ಸಿ. ಅಶ್ವತ್ಥರ ಕಂಠದಲ್ಲಿ ಮನೆಮಾತಾದ ಶರೀಫರು ಇಲ್ಲಿ ಬೇರೆ ನಡೆಯಲ್ಲಿ ನಡೆಯುತ್ತಾರೆ. ಆದರೆ ಮಾತು ಬದಲಾಗಲಿಲ್ಲ. ಶಿಗ್ಗಾವಿ ಸೀಮೆಯ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರ ಆಡುಮಾತು, ಅದರ ‘ಇ’ಕಾರದ ಎಳೆತ ಸಮೇತ, ಹಾಗೆಯೇ ಉಳಿಯಿತು. ವೇದಿಕೆಯ ಮೇಲೆ ಕಾಲಿಗೆ ಗೆಜ್ಜೆ, ಸೊಂಟಕ್ಕೆ ಬಣ್ಣದ ಪಂಚೆ. ಪರಭಾಷೆಯವರ ಮುಂದೆ ಅರ್ಥವನ್ನು ಮೊದಲು ಇಂಗ್ಲಿಷಿನಲ್ಲಿ ತಿಳಿಸಿ, ಆಮೇಲೆ ಹಾಡುವುದು ಕನ್ನಡದಲ್ಲಿ. ಟಿಪ್ಪಣಿ ಬೇರೆ, ಮೂಲಪತ್ರ ಬೇರೆ. ಟಿಪ್ಪಣಿಯನ್ನು ಎಷ್ಟು ಬೇಕಾದರೂ ಬರೆಯಿರಿ, ಮೂಲಪತ್ರದ ಮೇಲೆ ಗೀಚಬೇಡಿ ಎಂದು ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ನಮ್ಮ ಸೂಪರಿಂಟೆಂಡೆಂಟರು ಕಲಿಸಿದ್ದರು.

ಹಾಗೆಂದು ನಾನು ರಘು ದೀಕ್ಷಿತರ ಭಟ್ಟಂಗಿಯಲ್ಲ. ಗುಡುಗುಡಿಯ ಪದದಲ್ಲಿ ಹುಕ್ಕ ಎಂಬುದು ಮನುಷ್ಯದೇಹದ ರೂಪಕ. ಒಳಗಿನ ಹೊಗೆಯನ್ನು ಹೊರಹಾಕುವ ಮಾತು ತಮಾಷೆಯಂತೆ ಸುರುವಾಗಿ ಗಂಭೀರವಾಗುತ್ತದೆ. ದೀಕ್ಷಿತರಲ್ಲಿ ತಮಾಷೆ ಉಳಿದಷ್ಟು ಗಾಂಭೀರ್ಯ ಉಳಿಯುವುದಿಲ್ಲ; ಸಭೆ ಚಪ್ಪಾಳೆ ತಟ್ಟಿ ಕುಣಿಯುವ ಹೊತ್ತಿಗೆ ಶರೀಫರು ಮೆಲ್ಲನೆ ಎದ್ದು ಹೊರಗೆ ಹೋಗಿರುತ್ತಾರೆ. ಮಾಳಿಗೆಯ ಪದದಲ್ಲಿ ಕತ್ತಲೆ ಬೇಕು, ಮಳೆಯ ರಾತ್ರಿಯ ಅಸಹಾಯಕತೆ ಬೇಕು. ಅಶ್ವತ್ಥರಲ್ಲಿ ಅದು ಮೈಮೇಲೆ ಹನಿ ಬಿದ್ದಂತೆ ತಟ್ಟುತ್ತದೆ. ಇಲ್ಲಿ ಗಿಟಾರಿನ ಬೆಳಕು ಒಂದಿಷ್ಟು ಹೆಚ್ಚಾಯಿತೆಂದು ನನ್ನ ನಮ್ರ ಅಭಿಪ್ರಾಯ. ಆದರೂ ಮಾತು ಇಡಿಯಾಗಿ ಉಳಿದದ್ದರಿಂದ, ಕೇಳಿದವನು ಬೇಕಾದರೆ ಹಿಂತಿರುಗಿ ಶರೀಫರ ಮನೆಯ ಬಾಗಿಲಿಗೆ ಹೋಗಿ ನಿಲ್ಲಬಹುದು. ದಾರಿ ಮುಚ್ಚಿಲ್ಲ. ನಮ್ಮ ಸಮಿತಿಯ ಠರಾವಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಪುಣೆಯಲ್ಲಿ ಇರುವ ನಮಗೆ ಇಂಗ್ಲೆಂಡಿನವರೆಗೆ ಹೋಗುವ ಅಗತ್ಯವೂ ಇಲ್ಲ. ಗದಗ ಸೀಮೆಯಿಂದ ಬಂದು ಈ ಊರಿನಲ್ಲಿ ನೆಲೆಸಿ, 2011ರ ಜನವರಿಯಲ್ಲಿ ಇಲ್ಲಿಯೇ ದೇಹಬಿಟ್ಟ ಪಂಡಿತ ಭೀಮಸೇನ ಜೋಶಿಯವರು ಮರಾಠಿಗರಿಗಾಗಿ ‘ಸಂತವಾಣಿ’ ಹಾಡಿದರು, ಕನ್ನಡಿಗರಿಗಾಗಿ ‘ದಾಸವಾಣಿ’ ಹಾಡಿದರು. ತುಕಾರಾಮರ ಅಭಂಗ ಮರಾಠಿಯಲ್ಲಿ, ಪುರಂದರದಾಸರ ಪದ ಕನ್ನಡದಲ್ಲಿ. ಅಭಂಗದ ನಡುವೆ ಕನ್ನಡದ ನುಡಿಯೊಂದನ್ನು ತುರುಕಬೇಕೆಂದು ಅವರಿಗೆ ಅನಿಸಲಿಲ್ಲ. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ಅವರು ಇಲ್ಲಿ ನಡೆಸಿಕೊಂಡು ಬಂದ ಉತ್ಸವದಲ್ಲಿ ಕನ್ನಡನಾಡಿನ ಗಾಯಕರನ್ನು ಮರಾಠಿ ಜನ ತಲೆಯ ಮೇಲೆ ಹೊತ್ತು ಮೆರೆಸಿದ್ದಾರೆ. ಅರ್ಥವಾಗದ ಹಾಡಿಗೆ ನೆರೆಯವರು ಎದ್ದು ಹೋಗುತ್ತಾರೆಂದು ನಾವು ಹೆದರುವುದು ಅವರ ರಸಿಕತೆಗೆ ಮಾಡಿದ ಅಪಮಾನ.

ಈಗ ಆ ಎರಡು ವಾರದ ಮೇಲಿನ ಸಂಗತಿ. ತಾಲೀಮಿನಿಂದ ಮನೆಗೆ ಬಂದ ನನ್ನ ಮಗಳು ಹಾಡನ್ನು ಗುನುಗುತ್ತಿದ್ದಳು. ಅವಳು ಹುಟ್ಟಿದ್ದು ಪುಣೆಯಲ್ಲಿ, ಓದುವುದು ಇಂಗ್ಲಿಷಿನಲ್ಲಿ, ಗೆಳತಿಯರೊಡನೆ ಮಾತು ಮರಾಠಿ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಅಕ್ಷರ ಕೂಡಿಸಬೇಕು. ಹಿಂದಿಯ ನುಡಿಗಳನ್ನು ಸರಾಗವಾಗಿ ಹಾಡಿ, ಕನ್ನಡಕ್ಕೆ ಬಂದಾಗ ನಿಂತು, “ಅಪ್ಪಾ, ಮಾಳಿಗಿ ಅಂದ್ರ ಏನು?” ಎಂದು ಕೇಳಿದಳು. ಧಾರವಾಡದ ಕಡೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ಅವಳು ನೋಡಿಲ್ಲ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಹಲಗೆಯೋ ಕಟ್ಟಿಗೆಯೋ, ಎಲ್ಲದರ ಮೇಲೆ ಹದವಾದ ಮಣ್ಣು. ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಆ ಮಣ್ಣು ಎಲ್ಲಿಯಾದರೂ ಬಿರುಕು ಬಿಟ್ಟರೆ ಹನಿ ಒಳಗೆ. ನಡುರಾತ್ರಿ ಯಾರಾದರೂ ಮೇಲೆ ಹತ್ತಿ ಸರಿಮಾಡಬೇಕು. ಹತ್ತುವವರು ಯಾರು ಎಂಬುದೇ ಆ ಪದದ ಜೀವ. ಇದನ್ನೆಲ್ಲ ಹೇಳಿದೆ. ಅವಳು ಮೇಲೆ ನೋಡಿ, “ಅಂದ್ರ ನಮ್ಮ ಕ್ವಾರ್ಟರ್ಸಿನ ಛತ್ತ ಸೋರತದಲ್ಲ, ನೀ ಮೂರು ಸಲ ಅರ್ಜಿ ಕೊಟ್ಟೀಯಲ್ಲ, ಹಂಗನ?” ಎಂದಳು. ಹೌದು, ಹಂಗನ. ಶರೀಫರ ಪದ ಅವಳಿಗೆ ತಿಳಿದ ಗಳಿಗೆ ಅದು. ಹಿಂದಿಯ ನುಡಿ ಸುಲಭವಾಗಿತ್ತು, ಆದರೆ ಅದು ಅವಳಲ್ಲಿ ಒಂದು ಪ್ರಶ್ನೆಯನ್ನೂ ಎಬ್ಬಿಸಿರಲಿಲ್ಲ.

ಮರುದಿನ ವಿಚಾರ ಮಾಡಿದೆ. ಮರಾಠಿ ನೆರೆಯವರಿಗೆ ನಾವು ಎಂಥ ಪಾಠ ಹಾಡಿದರೂ ನಡೆದೀತು. ಅವರು ಒಂದು ಸಂಜೆ ಕೇಳಿ ಮನೆಗೆ ಹೋಗುವವರು. ಆದರೆ ಹಾಡುವ ಈ ಹನ್ನೆರಡು ಹುಡುಗಿಯರು ಆ ಪಾಠವನ್ನು ಬಾಳಿನುದ್ದಕ್ಕೂ ಇಟ್ಟುಕೊಳ್ಳುವವರು. ಅಮೆರಿಕೆಯ ಮಕ್ಕಳಿಗೆ ಕ್ಯಾಪಿಟಲ್ ಕಂಪನಿ ಕೊಟ್ಟದ್ದೇ ಬೀಟಲ್ಸ್ ಆದಂತೆ, ಇವರಿಗೆ ನಮ್ಮ ಸಮಿತಿ ಕೊಟ್ಟದ್ದೇ ಶರೀಫ ಆಗುತ್ತದೆ. ಬೀಟಲ್ಸರ ಮೂಲಪಾಠ ಇಂಗ್ಲೆಂಡಿನಲ್ಲಿ ಭದ್ರವಾಗಿತ್ತು, ಇಪ್ಪತ್ತು ವರ್ಷದ ಮೇಲೆ ಹೊರತೆಗೆಯಲು ಬಂದಿತು. ನಮ್ಮ ಮಕ್ಕಳ ಪಾಲಿಗೆ ಮೂಲಪಾಠದ ಪೆಟ್ಟಿಗೆಯನ್ನು ಯಾರು ಕಾಯುತ್ತಾರೆ? ಹೊರಗಿನವರಿಗಾಗಿ ಮಾಡಿದ ಆವೃತ್ತಿ ಮನೆಯೊಳಗೆ ಬಂದು ಕೂತರೆ, ಅದು ರಫ್ತಲ್ಲ, ನಷ್ಟ.

ಆದ್ದರಿಂದ ಎತ್ತಿದ ಕೈಯನ್ನು ನಾನು ಈ ಲೇಖನದ ಮೂಲಕ ಕೆಳಗಿಳಿಸುತ್ತಿದ್ದೇನೆ. ಡ್ರಮ್ಮು ಇರಲಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಶರೀಫರು ಡ್ರಮ್ಮಿಗೆ ಹೆದರುವವರಲ್ಲ. ಪದ ಮಾತ್ರ ಇಡಿಯಾಗಿ ಕನ್ನಡದಲ್ಲಿಯೇ ಇರಲಿ. ಹಾಡಿಗೆ ಮೊದಲು ಎರಡು ನಿಮಿಷ ಯಾರಾದರೂ ಮರಾಠಿಯಲ್ಲಿ ಅದರ ಅರ್ಥ ಹೇಳಲಿ. ನನ್ನ ಮಗಳು ತಾನು ಹೇಳುತ್ತೇನೆಂದು ಮುಂದೆ ಬಂದಿದ್ದಾಳೆ. ಕ್ವಾರ್ಟರ್ಸಿನ ಛತ್ತದ ಉದಾಹರಣೆಯನ್ನು ಬಿಟ್ಟು ಹೇಳಬೇಕೆಂದು ಮಾತ್ರ ಅವಳಿಗೆ ತಾಕೀತು ಮಾಡಿದ್ದೇನೆ. ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಮತ್ತೆ ಬರಲಿದೆ. ಸದಸ್ಯರು ದಯಮಾಡಿ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ವಿನಂತಿ. ಬರುವಾಗ ಸಾಧ್ಯವಾದರೆ ಮನೆಯ ಮಕ್ಕಳನ್ನೂ ಕರೆದುಕೊಂಡು ಬನ್ನಿ, ಹಾಡು ಅವರದು.